ಪಿಚರ್‌ನ ಮೊಣಕೈ: 64ರ ಭಾರ, 32ರ ಹಗ್ಗ

ಕ್ರೀಡಾ ಗಾಯಗಳ ಪಾಠದಲ್ಲಿ ಮೂರು ದಿನ ಒಂದೇ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಅಂಗೈ ಮುಂದೆ ಮಾಡಿ ತೋಳು ಇಳಿಬಿಡಿ. ಮೊಣಕೈಯಲ್ಲಿ ಪಕ್ಕೆಯ ಕಡೆಗೆ ಒಂದು ಮೂಳೆಗುಬ್ಬಿ ಬೆರಳಿಗೆ ಸಿಗುತ್ತದೆ. ಅಲ್ಲಿಂದ ಮುಂಗೈಯ ಅಲ್ನಾ ಮೂಳೆಗೆ ಬಿಗಿದಿರುವ ಪಟ್ಟಿಯೇ ಯುಸಿಎಲ್ ಎಂಬ ಅಸ್ಥಿರಜ್ಜು, ಶೀರ್ಷಿಕೆಯ ಹಗ್ಗ. ಬೇಸ್‌ಬಾಲ್ ಪಿಚರ್ ಚೆಂಡು ಬೀಸುವಾಗ ಭುಜ ಮುಂದಕ್ಕೆ ನುಗ್ಗುತ್ತದೆ, ಮುಂಗೈ ಹಿಂದೆಯೇ ಉಳಿಯುತ್ತದೆ. ಆ ಕ್ಷಣ ಕೀಲಿನ ಒಳಬದಿ ಬಾಯಿ ಬಿಡಲು ನೋಡುತ್ತದೆ. ಅದನ್ನು ತಡೆಯುವುದು ಯುಸಿಎಲ್ ಕೆಲಸ. ಕ್ರಿಕೆಟ್ ಬೌಲರ್ ತೋಳನ್ನು ಹೆಚ್ಚುಕಡಿಮೆ ನೆಟ್ಟಗಿಟ್ಟೇ ತಿರುಗಿಸುವುದರಿಂದ ಅವನ ಕಷ್ಟ ಸೊಂಟದ್ದು. ಪಿಚರ್‌ಗೆ ಹತ್ತಿರದ ನೆಂಟ ಜಾವೆಲಿನ್ ಎಸೆಗಾರ. ನೀರಜ್ ಚೋಪ್ರಾ 2019ರಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ನೆನಪಿರಬಹುದು.

ನಾನು ಎಡವಿದ್ದು ಇಲ್ಲಿ

ವೃತ್ತಿಪರ ಪಿಚರ್‌ನ ಒಂದು ವೇಗದ ಎಸೆತದಲ್ಲಿ ಮೊಣಕೈ ಮೇಲೆ ಬೀಳುವ ಟಾರ್ಕ್ (ತಿರುಚುವ ಬಲ) ಸುಮಾರು 64 ನ್ಯೂಟನ್ ಮೀಟರ್. ಮೃತದೇಹಗಳ ಮೊಣಕೈ ಎಳೆದು ಪರೀಕ್ಷಿಸಿದಾಗ ಯುಸಿಎಲ್ ಹರಿದದ್ದು ಸುಮಾರು 32ಕ್ಕೆ. ಹಾಗಾದರೆ ಮೊದಲ ಎಸೆತಕ್ಕೇ ಹರಿಯಬೇಕಲ್ಲ? ಮುದ್ರಣದೋಷ ಎಂದುಕೊಂಡು ಎರಡು ಪುಸ್ತಕ ತಾಳೆ ನೋಡಿದೆ. ಎರಡರಲ್ಲೂ ಅದೇ ಅಂಕಿ.

64 ಎಂದರೆ ಎಷ್ಟೆಂದು ಮೊದಲು ಅಂದಾಜಿರಲಿ. ಮೊಣಕೈಯಿಂದ ಅಂಗೈಗೆ 32 ಸೆಂಟಿಮೀಟರ್ ಎಂದುಕೊಂಡರೆ, ಅಂಗೈಗೆ 20 ಕಿಲೋ ಅಕ್ಕಿ ಚೀಲ ನೇತುಹಾಕಿ ಮುಂಗೈಯನ್ನು ಅಡ್ಡಕ್ಕೆ ಜಗ್ಗಿದಂತೆ. ಲೆಕ್ಕ: 0.32 × 20 × 9.8, ಅಂದರೆ 63ರ ಆಸುಪಾಸು.

ಉತ್ತರ ಸರಳ, ಆದರೆ ನನ್ನ ಪುಸ್ತಕ ಅದನ್ನು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟಿತ್ತು. ಮೃತದೇಹದಲ್ಲಿ ಸ್ನಾಯು ಬಿಗಿಯುವುದಿಲ್ಲ. ಬದುಕಿರುವವನ ಕೈಯಲ್ಲಿ ಆ ಮೂಳೆಗುಬ್ಬಿಯಿಂದಲೇ ಹೊರಡುವ ಸ್ನಾಯುಗಳ ಗುಂಪೊಂದಿದೆ: ಮಣಿಕಟ್ಟನ್ನು ಮಡಚುವ, ಅಂಗೈಯನ್ನು ಕೆಳಮುಖ ಮಾಡುವ ಸ್ನಾಯುಗಳು. ಅವು ಯುಸಿಎಲ್ ಮೇಲೆಯೇ ಹಾದುಹೋಗುತ್ತವೆ. ಬಿಗಿದಾಗ ಕೀಲಿನ ಬಾಯಿಯನ್ನು ಹೊರಗಿನಿಂದ ಒತ್ತಿ ಮುಚ್ಚುತ್ತವೆ. ಹೀಗೆ ಸುಮಾರು ಅರ್ಧ ಭಾರವನ್ನು ಯುಸಿಎಲ್ ಹೊತ್ತರೆ, ಉಳಿದದ್ದು ಸ್ನಾಯುಗಳಿಗೆ ಮತ್ತು ಮೂಳೆಗಳ ಹೊಂದಿಕೆಗೆ. ನಾನು 64ನ್ನು ಇಡಿಯಾಗಿ ಹಗ್ಗದ ಹೆಗಲಿಗೇ ಹೊರಿಸಿದ್ದೆ.

ಇದು ಹೊಳೆದ ಮೇಲೆ ಬಾಯಿಪಾಠದ ಅಂಕಿಗಳೆಲ್ಲ ತಾವಾಗಿ ಕೂತವು. ಹಗ್ಗ ತನ್ನ ಪಾಲಿನಲ್ಲೇ ಅಂಚಿನ ಮೇಲಿದೆ. ಸ್ನಾಯು ದಣಿದರೆ ಅದರ ಪಾಲೂ ಹಗ್ಗಕ್ಕೇ ಬರುತ್ತದೆ. ಹದಿಹರೆಯದ ಪಿಚರ್‌ಗಳ ಬಗ್ಗೆ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವರ್ಷಕ್ಕೆ 8 ತಿಂಗಳಿಗಿಂತ ಹೆಚ್ಚು ಎಸೆದವರಿಗೆ ಶಸ್ತ್ರಚಿಕಿತ್ಸೆಯ ಸಂಭವ 5 ಪಟ್ಟು. ಕೈ ಸೋತರೂ ಎಸೆಯುವ ಅಭ್ಯಾಸದವರಿಗೆ 36 ಪಟ್ಟು. ಇಷ್ಟು ಅಂತರ ಏಕೆಂದು ಈಗ ಯಾರೂ ಹೇಳಿಕೊಡಬೇಕಾಗಿಲ್ಲ.

ಮಕ್ಕಳ ಕೈ

10ರಿಂದ 15 ವರ್ಷದವರಲ್ಲಿ ಟಾರ್ಕ್ ಕಡಿಮೆ, ಸುಮಾರು 28. ಆದರೆ ಆ ಮೂಳೆಗುಬ್ಬಿ ಇನ್ನೂ ಮೂಳೆಗೆ ಬೆಸೆದಿರುವುದಿಲ್ಲ, ನಡುವೆ ಮೃದ್ವಸ್ಥಿಯ ಪದರವಿದೆ. ಅದು ಹಗ್ಗಕ್ಕಿಂತ ದುರ್ಬಲ. ಹಾಗಾಗಿ ಮಕ್ಕಳಲ್ಲಿ ಹಗ್ಗಕ್ಕಿಂತ ಮೊದಲು ಅದನ್ನು ಕಟ್ಟಿದ ಗೂಟವೇ, ಅಂದರೆ ಮೂಳೆಗುಬ್ಬಿಯೇ, ಕಿತ್ತುಬರುತ್ತದೆ. ಪರೀಕ್ಷೆಗೆ ನನ್ನ ಸೂತ್ರ ಇಷ್ಟೇ: ಚಿಕ್ಕವರಿಗೆ ಗೂಟ, ದೊಡ್ಡವರಿಗೆ ಹಗ್ಗ.

ಎಳೆಯ ಪಿಚರ್‌ಗಳಿಗಾಗಿ ಅಮೆರಿಕದಲ್ಲಿ 2014ರಲ್ಲಿ ಬಂದ ‘ಪಿಚ್ ಸ್ಮಾರ್ಟ್’ ಮಿತಿಗಳು: ದಿನಕ್ಕೆ 11–12 ವಯಸ್ಸಿಗೆ 85 ಎಸೆತ, 17–18ಕ್ಕೆ 105, ಜತೆಗೆ ಎಸೆತದ ಲೆಕ್ಕಕ್ಕೆ ತಕ್ಕಷ್ಟು ದಿನ ವಿಶ್ರಾಂತಿ. ಜಪಾನಿನ ಪ್ರೌಢಶಾಲಾ ಬೇಸ್‌ಬಾಲ್‌ನಲ್ಲಿ 2020ರಿಂದ ವಾರಕ್ಕೆ 500. ಎಣಿಕೆ ಒಳ್ಳೆಯದೇ. ಆದರೆ ಎಣಿಕೆಯ ಯಂತ್ರಕ್ಕೆ ದಣಿವು ಕಾಣುವುದಿಲ್ಲ ಎಂಬುದು ನನ್ನ ತಕರಾರು. ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅಮೆರಿಕದ ವೃತ್ತಿಪರ ತಂಡಗಳು 2009ರಲ್ಲಿ ಮಾಡಿದ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲಿಗ. 2010ರ ಜೂನ್‌ನಲ್ಲಿ ಪದಾರ್ಪಣೆಯ ಪಂದ್ಯದಲ್ಲೇ 14 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ. ಸೆಪ್ಟೆಂಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದ.

ಟಾಮಿ ಜಾನ್ ಶಸ್ತ್ರಚಿಕಿತ್ಸೆ

ಹರಿದ ಯುಸಿಎಲ್‌ಗೆ ಮಾಡುವ ಇದನ್ನು 1974ರ ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಮೊದಲ ಬಾರಿ ಮಾಡಿದರು. ರೋಗಿಯಾಗಿದ್ದ ಪಿಚರ್‌ನ ಹೆಸರೇ ಶಸ್ತ್ರಚಿಕಿತ್ಸೆಗೂ ನಿಂತಿತು. ಟಾಮಿ ಜಾನ್ 1976ರಲ್ಲಿ ಮರಳಿ 1989ರವರೆಗೂ ಆಡಿದರು. ಹರಿದ ಅಸ್ಥಿರಜ್ಜುವಿನ (ಮೂಳೆಯಿಂದ ಮೂಳೆಗೆ) ಜಾಗಕ್ಕೆ ಬೇರೆಡೆಯ ಸ್ನಾಯುರಜ್ಜು (ಸ್ನಾಯುವಿನಿಂದ ಮೂಳೆಗೆ) ಕಸಿ ಮಾಡುತ್ತಾರೆ. ಈ ಎರಡು ಪದಗಳನ್ನು ಅದಲುಬದಲು ಬರೆದು ನಾನು ಅಂಕ ಕಳೆದುಕೊಂಡಿದ್ದೇನೆ.

ಕಸಿಗೆ ಹೆಚ್ಚಾಗಿ ತೆಗೆಯುವುದು ಮುಂಗೈಯ ಪಾಲ್ಮಾರಿಸ್ ಲಾಂಗಸ್ ಸ್ನಾಯುರಜ್ಜುವನ್ನು. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಮಡಚಿ ನೋಡಿ: ನಡುವೆ ತಂತಿಯಂತೆ ಎದ್ದು ನಿಲ್ಲುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಅಂಥವರಿಗೆ ತೊಡೆಯಿಂದ ಗ್ರಾಸಿಲಿಸ್ ಸ್ನಾಯುರಜ್ಜು ತೆಗೆಯುತ್ತಾರೆ. ನನಗೆ ಬಲಗೈಯಲ್ಲಿ ಇದೆ, ಎಡಗೈಯಲ್ಲಿ ಎಷ್ಟು ಮಡಚಿದರೂ ಏಳುತ್ತಿಲ್ಲ.