ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ಲಕ್ಷ ಸುತ್ತು

ಅಕ್ಕನ ಮಗಳನ್ನು ರೈಲು ಹತ್ತಿಸಲು ಶಿವಮೊಗ್ಗ ಟೌನ್ ಸ್ಟೇಷನ್‌ಗೆ ಹೋಗಿದ್ದೆ. ಅವಳಿಗೆ ಬೆಂಗಳೂರಿನಲ್ಲಿ ಕೆಲಸ. ಅಲ್ಲಿ ದಿನಾ ಮೆಟ್ರೊ, ಊರಿಗೆ ಬರಲು ಈ ರೈಲು. ಪಕ್ಕದ ಹಳಿಯಲ್ಲಿ ಹಳೇ ನೀಲಿ ಬೋಗಿಗಳು ನಿಂತಿದ್ದವು. "ಮಾಮ, ಇವು ನೋಡೋಕೆ ಚೆನ್ನಾಗೇ ಇದಾವಲ್ಲ, ಯಾಕೆ ತೆಗೀತಾರೆ? ಬಣ್ಣ ಹೊಡೆದು, ಸೀಟು ಬದಲಾಯಿಸಿದ್ರೆ ಸಾಲದಾ?" ಎಂದು ಕೇಳಿದಳು. ರೈಲು ಹೊರಡಲು ಐದೇ ನಿಮಿಷ ಇತ್ತು. ಅಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. "ನೀನು ಬೆಂಗಳೂರು ಮುಟ್ಟೋದ್ರೊಳಗೆ ಈ ರೈಲಿನ ಒಂದೊಂದು ಗಾಲಿಯೂ ಹತ್ತಿರ ಹತ್ತಿರ ಒಂದು ಲಕ್ಷ ಸಲ ಸುತ್ತಿರುತ್ತೆ. ಅದನ್ನ ಯೋಚಿಸ್ತಾ ಇರು" ಎಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಸುಲಭ. ರೈಲಿನ ಹೊಸ ಗಾಲಿಯ ಅಡ್ಡಳತೆ 915 ಮಿ.ಮೀ. ಒಂದು ಸುತ್ತಿಗೆ ಅದು ಸುಮಾರು 2.87 ಮೀಟರ್ ಮುಂದೆ ಹೋಗುತ್ತದೆ. ಅಂದರೆ ಒಂದು ಕಿ.ಮೀ.ಗೆ 348 ಸುತ್ತು. ನಮ್ಮೂರಿನಿಂದ ಬೆಂಗಳೂರಿಗೆ ರೈಲಿನ ದಾರಿ ಸುಮಾರು 275 ಕಿ.ಮೀ. ಗುಣಿಸಿ ನೋಡಿ, 95 ಸಾವಿರ ದಾಟುತ್ತದೆ. ಗಾಲಿ ಸವೆದು ಚಿಕ್ಕದಾದ ಹಾಗೆ ಸುತ್ತು ಇನ್ನೂ ಜಾಸ್ತಿ. ದಿನಾ ಹೋಗಿ ಬರುವ ರೈಲಾದರೆ ವರ್ಷಕ್ಕೆ ಏಳು ಕೋಟಿ ಸುತ್ತು.

ರೈಲಿನ ವಯಸ್ಸನ್ನು ವರ್ಷಗಳಲ್ಲಿ ಹೇಳುವುದು ನಮ್ಮ ರೂಢಿ. ಆದರೆ ಉಕ್ಕಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಸಲ ಬಾಗಿದೆ, ಎಷ್ಟು ಸಲ ನೆನೆದಿದೆ ಎಂಬುದು ಮಾತ್ರ.

ಎರಡು ಗಾಲಿಗಳನ್ನು ಸೇರಿಸುವ ದಪ್ಪ ಉಕ್ಕಿನ ಕಂಬಿಯೇ ಅಚ್ಚು. ಎತ್ತಿನ ಗಾಡಿಯಲ್ಲೂ ಅದಕ್ಕೆ ಅದೇ ಹೆಸರು. ಒಂದು ಬೋಗಿಗೆ ನಾಲ್ಕು ಅಚ್ಚು. ಜನ ತುಂಬಿದ ಬೋಗಿಯ ತೂಕ 50 ಟನ್ ಆಸುಪಾಸು ಇರುತ್ತದೆ. ಹಾಗಾಗಿ ಒಂದೊಂದು ಅಚ್ಚಿನ ಮೇಲೆ ಹನ್ನೆರಡು ಟನ್ನಿನಷ್ಟು ಭಾರ. ಆ ಭಾರ ಕೂರುವುದು ಗಾಲಿಗಳ ಹೊರಗೆ ಚಾಚಿದ ಎರಡು ತುದಿಗಳ ಮೇಲೆ. ತುದಿಗಳು ಕೆಳಗೆ ಒತ್ತಿದಾಗ ನಡುವಿನ ಭಾಗ ಕಣ್ಣಿಗೆ ಕಾಣದಷ್ಟು ಮೇಲಕ್ಕೆ ಬಾಗುತ್ತದೆ. ಆಗ ಅಚ್ಚಿನ ಮೇಲ್ಮೈ ಎಳೆತಕ್ಕೆ ಸಿಗುತ್ತದೆ, ಕೆಳಮೈ ಒತ್ತಡಕ್ಕೆ. ಗಾಲಿ ಅರ್ಧ ಸುತ್ತು ತಿರುಗಿದರೆ ಮೇಲಿದ್ದದ್ದು ಕೆಳಗೆ ಬಂತು. ಈಗ ಎಳೆತ ಒತ್ತಡ ಅದಲುಬದಲು. ಹೀಗೆ ಪ್ರತಿ ಸುತ್ತಿಗೂ ಒಮ್ಮೆ ಎಳೆತ, ಒಮ್ಮೆ ಒತ್ತಡ.

ತೋಟಕ್ಕೆ ಬೇಲಿ ಕಟ್ಟಿದವರಿಗೆ ಇದು ಗೊತ್ತಿರುವ ವಿಷಯವೇ. ಕಟ್ಟುವ ತಂತಿಯನ್ನು ಕೈಯಲ್ಲಿ ಎಳೆದರೆ ಹರಿಯುವುದಿಲ್ಲ. ಕಟಿಂಗ್ ಪ್ಲೈಯರ್ ಮನೆಯಲ್ಲೇ ಮರೆತು ಬಂದಿದ್ದರೆ ಏನು ಮಾಡುತ್ತೇವೆ? ಒಂದೇ ಜಾಗದಲ್ಲಿ ಆಚೆ ಈಚೆ ಹತ್ತಾರು ಸಲ ಬಗ್ಗಿಸುತ್ತೇವೆ. ಪಟ್ ಅಂತ ತುಂಡಾಗುತ್ತದೆ. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ತಂತಿಗೆ ಹತ್ತಾರು ಸಲ ಸಾಕು, ಅಚ್ಚಿಗೆ ಕೋಟ್ಯಂತರ ಸಲ ಬೇಕು. ಅಷ್ಟೇ ವ್ಯತ್ಯಾಸ.

ಈ ಪಾಠ ಜನರ ಪ್ರಾಣ ತೆಗೆದುಕೊಂಡೇ ಬಂತು. 1842ರ ಮೇ 8ರಂದು ವರ್ಸೈಲ್‌ನಿಂದ ಪ್ಯಾರಿಸ್‌ಗೆ ವಾಪಸ್ಸಾಗುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳಿಗೆ ಬೆಂಕಿ ಹತ್ತಿತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಐವತ್ತಕ್ಕೂ ಹೆಚ್ಚು ಜನ ಒಳಗೇ ಸುಟ್ಟುಹೋದರು. ದೂರದ ಸಮುದ್ರಗಳನ್ನೆಲ್ಲ ಸುತ್ತಿ ಬಂದಿದ್ದ ನಾವಿಕ ದ್ಯುಮಾಂ ದ್ಯುರ್ವಿಲ್ ಕೂಡ ಹೆಂಡತಿ ಮತ್ತು ಮಗನ ಜೊತೆ ಅಲ್ಲೇ ತೀರಿಕೊಂಡ. ಗಟ್ಟಿಯಾಗಿ ಕಾಣುವ ಕಬ್ಬಿಣ ಇದ್ದಕ್ಕಿದ್ದ ಹಾಗೆ ಯಾಕೆ ಮುರಿಯುತ್ತದೆ ಎಂಬ ಪ್ರಶ್ನೆ ಎಂಜಿನಿಯರುಗಳನ್ನು ಬಿಡದೆ ಕಾಡಿತು.

ಉತ್ತರಕ್ಕಾಗಿ ವರ್ಷಗಟ್ಟಲೆ ಕೂತವನು ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರ್. 1850 ಮತ್ತು 60ರ ದಶಕಗಳಲ್ಲಿ ಅವನು ಅಚ್ಚುಗಳನ್ನು ಭಾರ ಹೊರಿಸಿ ಸುಮ್ನೆ ತಿರುಗಿಸುತ್ತಲೇ ಇರುವ ಯಂತ್ರ ಕಟ್ಟಿದ. ಯಾವ ಭಾರಕ್ಕೆ ಎಷ್ಟು ಸುತ್ತಿನಲ್ಲಿ ಮುರಿಯಿತು ಎಂದು ಬರೆದಿಟ್ಟ. ಎರಡು ಮಾತು ಹೊರಬಂದವು. ಒಂದೇ ಸಲಕ್ಕೆ ಏನೂ ಮಾಡಲಾಗದ ಸಣ್ಣ ಭಾರವೂ ಮತ್ತೆ ಮತ್ತೆ ಬಿದ್ದರೆ ಉಕ್ಕನ್ನು ಮುರಿಯುತ್ತದೆ. ಆದರೆ ಒಂದು ಮಟ್ಟಕ್ಕಿಂತ ಕಡಿಮೆ ಭಾರ ಇದ್ದರೆ ಎಷ್ಟು ಸುತ್ತಿದರೂ ಮುರಿಯುವುದಿಲ್ಲ. ಈ ಎರಡನೆಯ ಮಾತು ನನಗೆ ತುಂಬ ಇಷ್ಟ. ಇವತ್ತು ವರ್ಷಕ್ಕೆ ಏಳು ಕೋಟಿ ಸುತ್ತು ತಿರುಗುವ ಅಚ್ಚಿನ ಮೇಲೆ ನಾವು ಧೈರ್ಯವಾಗಿ ಮಲಗಿ ನಿದ್ದೆ ಮಾಡುತ್ತೇವಲ್ಲ, ಅದು ಈ ಮಟ್ಟದ ಒಳಗೇ ಅಚ್ಚನ್ನು ಮಾಡುವುದರಿಂದ.

ಆದರೆ ಒಂದು ಷರತ್ತಿದೆ. ಉಕ್ಕಿನ ಮೈ ನಯವಾಗಿರಬೇಕು. ಒಂದು ಗೀರು, ಒಂದು ತುಕ್ಕಿನ ಚುಕ್ಕೆ ಇದ್ದರೆ ಎಳೆತವೆಲ್ಲ ಅಲ್ಲೇ ಒಟ್ಟುಗೂಡುತ್ತದೆ. ಬಿರುಕು ಅಲ್ಲಿಂದ ಶುರು. ತುಕ್ಕು ಹಿಡಿಯುತ್ತಲೇ ಇದ್ದರೆ ವೋಲರ್ ಹೇಳಿದ ಆ ಸುರಕ್ಷಿತ ಮಟ್ಟವೇ ಇಲ್ಲದಂತಾಗುತ್ತದೆ.

ಮಳೆಗಾಲ ಕಂಡ ನಮಗೆ ತುಕ್ಕಿನ ಬಗ್ಗೆ ಹೇಳಬೇಕಾ? ಜೂನ್‌ನಲ್ಲಿ ಹೊರಗಿಟ್ಟ ಕತ್ತಿ ಆಗಸ್ಟ್‌ನಲ್ಲಿ ಕೆಂಪಗಾಗಿರುತ್ತದೆ. ನಮ್ಮ ಮಣ್ಣಿನ ಕೆಂಪು, ಮನೆ ಗೋಡೆಯ ಜಂಬಿಟ್ಟಿಗೆಯ ಕೆಂಪು, ಎಲ್ಲವೂ ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದದ್ದು. ತುಕ್ಕೂ ಅದೇ ಜಾತಿ. ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಗೆ ತಂದು, ಮಲೆನಾಡಿನ ಕಾಡಿನ ಇದ್ದಿಲು ಸುಟ್ಟು, ಆಮ್ಲಜನಕವನ್ನು ಬಿಡಿಸಿ ಕಬ್ಬಿಣ ತೆಗೆದರು. 1923ರಲ್ಲಿ ಶುರುವಾದ ಕೆಲಸ ಅದು. ಅಷ್ಟು ಕಷ್ಟಪಟ್ಟು ಬಿಡಿಸಿದ ಕಬ್ಬಿಣ ಮಳೆಯಲ್ಲಿ ನೆನೆದರೆ ಮತ್ತೆ ಕೆಮ್ಮಣ್ಣಾಗಲು ಹೊರಡುತ್ತದೆ.

ಗಾಲಿ, ಅಚ್ಚು, ಸ್ಪ್ರಿಂಗ್, ಬ್ರೇಕು ಹಳತಾದರೆ ಕಳಚಿ ಬೇರೆ ಹಾಕಬಹುದು. ಅಚ್ಚಿನೊಳಗೆ ಬಿರುಕು ಇದೆಯಾ ಎಂದು ನೋಡಲು ಕಿವಿಗೆ ಕೇಳದ ಧ್ವನಿಯ ಅಲೆ ಹಾಯಿಸುತ್ತಾರೆ. ಬಿರುಕಿದ್ದರೆ ಪ್ರತಿಧ್ವನಿ ಬೇಗ ವಾಪಸ್ ಬರುತ್ತದೆ. ಕಳಚಲಾಗದ್ದು ಬೋಗಿಯ ಅಸ್ಥಿಪಂಜರ. ನೀಲಿ ಬೋಗಿಗಳಲ್ಲಿ ತುಕ್ಕು ಶುರುವಾಗುವುದು ಶೌಚಾಲಯದ ಹತ್ತಿರ, ನೆಲದ ತಗಡಿನ ಕೆಳಗೆ, ನೀರು ನಿಲ್ಲುವ ಮೂಲೆಗಳಲ್ಲಿ. ಮೇಲೆ ಬಣ್ಣ ಹೊಡೆದರೆ ನಮ್ಮ ಕಣ್ಣಿಗೆ ಹೊಸದು. ಒಳಗಿನ ತೊಲೆ ಮಾತ್ರ ಗೆದ್ದಲು ಹಿಡಿದ ಜಂತೆಯ ಹಾಗೆ.

ಈ ನೀಲಿ ಬೋಗಿಗಳ ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನದು. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ 2018ರವರೆಗೂ ಇವನ್ನು ಮಾಡಿದರು. ಬಾಳಿಕೆ 25 ವರ್ಷ ಎಂದು ಲೆಕ್ಕ. ಈಗ ಇವುಗಳ ಜಾಗಕ್ಕೆ ಬರುತ್ತಿರುವುದು ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿಗಳು. ಇವುಗಳ ಮೈ ಸ್ಟೇನ್‌ಲೆಸ್ ಸ್ಟೀಲ್, ಬಾಳಿಕೆ 35 ವರ್ಷ. ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೈಮೇಲೆ ತುಕ್ಕು ತಡೆಯುವ ಬಹಳ ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಅಪಘಾತವಾದಾಗ ಇವು ಒಂದರ ಮೇಲೊಂದು ಹತ್ತದ ಹಾಗೆ ಕೊಂಡಿಯ ವಿನ್ಯಾಸವೂ ಬೇರೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಕಾರಣ ಇದೇ. ಹಳೇ ಕೊಂಡಿಗೆ ಹೊಸ ಕೊಂಡಿ ಸೇರುವುದಿಲ್ಲ. ಹಾಗಾಗಿ ಒಂದೆರಡು ಬೋಗಿ ಬದಲಾಯಿಸಿ ಸುಧಾರಿಸಲು ಬರುವುದಿಲ್ಲ, ಇಡೀ ರೈಲನ್ನೇ ಬದಲಾಯಿಸಬೇಕು. ತೆಗೆದ ನೀಲಿ ಬೋಗಿಗಳಲ್ಲಿ ಕೆಲವು ಕಿಟಕಿ ಮುಚ್ಚಿಸಿಕೊಂಡು ಕಾರು ಸಾಗಿಸುವ ವ್ಯಾಗನ್ ಆಗಿ ಇನ್ನಷ್ಟು ವರ್ಷ ದುಡಿಯುತ್ತವೆ.

ಮೆಟ್ರೊ ಹಳತಾಗುವ ರೀತಿ ಸ್ವಲ್ಪ ಬೇರೆ. ನಮ್ಮ ರೈಲು ಹೊರಟರೆ ಭದ್ರಾವತಿ, ತರೀಕೆರೆ, ಬೀರೂರು ಎಂದು ಅಲ್ಲಲ್ಲಿ ನಿಲ್ಲುತ್ತದೆ. ಮೆಟ್ರೊ ಒಂದೆರಡು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಪ್ರತಿ ಸಲ ಬ್ರೇಕು, ಪ್ರತಿ ಸಲ ಬಾಗಿಲು, ಪ್ರತಿ ಸಲ ಮೋಟಾರಿಗೆ ಜೋರು. ಬಾಗಿಲುಗಳು ದಿನಕ್ಕೆ ನೂರಾರು ಸಲ ತೆರೆದು ಮುಚ್ಚುತ್ತವೆ. ಹಳೇ ಮೆಟ್ರೊಗಳ ಮೋಟಾರಿನಲ್ಲಿ ಇಂಗಾಲದ ಬ್ರಷ್ ಉಜ್ಜಿ ಸವೆಯುತ್ತಿತ್ತು. ಹೊಸ ಮೋಟಾರುಗಳಲ್ಲಿ ಬ್ರಷ್ಷೇ ಇಲ್ಲ. ಬ್ರೇಕು ಹಾಕಿದಾಗ ಅದೇ ಮೋಟಾರು ವಿದ್ಯುತ್ ಮಾಡಿ ವಾಪಸ್ ಕೊಡುತ್ತದೆ.

ವಿಚಿತ್ರ ಏನೆಂದರೆ ಹೊಸ ರೈಲುಗಳಲ್ಲಿ ಮೊದಲು ಹಳತಾಗುವುದು ಕಂಪ್ಯೂಟರ್ ಭಾಗಗಳು. ಉಕ್ಕು ಮೂವತ್ತೈದು ವರ್ಷ ಬಾಳುತ್ತದೆ, ಆದರೆ ಒಂದು ಚಿಪ್ಪನ್ನು ಕಂಪನಿ ಅಷ್ಟು ವರ್ಷ ಮಾಡುತ್ತಾ ಕೂರುವುದಿಲ್ಲ. ಆಮೇಲೆ ಒಂದು ರೈಲನ್ನು ಬಿಚ್ಚಿ, ಅದರ ಭಾಗ ಹಾಕಿ ಇನ್ನೊಂದನ್ನು ಓಡಿಸಬೇಕಾಗುತ್ತದೆ. ಲಂಡನ್ ಮೆಟ್ರೊದ ಬೇಕರ್ಲೂ ಮಾರ್ಗದಲ್ಲಿ 1972ರ ಮಾದರಿಯ ರೈಲುಗಳು ಇವತ್ತಿಗೂ ಓಡುತ್ತಿವೆ. ಐವತ್ತು ದಾಟಿದ ರೈಲಿಗೆ ಬಿಡಿಭಾಗ ಹುಡುಕುವ ಮೆಕ್ಯಾನಿಕ್‌ನ ಪಾಡು ಯೋಚಿಸಿ.

ಹಾಗಾದರೆ ಬದಲಾಯಿಸುವ ಹೊತ್ತು ಬಂತು ಎಂದು ತಿಳಿಯುವುದು ಹೇಗೆ? ಒಮ್ಮೆ ಕೆಟ್ಟ ಮೇಲೆ ಇನ್ನೊಮ್ಮೆ ಕೆಡುವ ತನಕ ರೈಲು ಸರಾಸರಿ ಎಷ್ಟು ದೂರ ಓಡುತ್ತದೆ ಎಂದು ಅಳೆಯುತ್ತಾರೆ. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಸುರಂಗ ರೈಲುಗಳಲ್ಲಿ ಇದು 16 ಸಾವಿರ ಕಿ.ಮೀ.ಗಿಂತ ಕೆಳಗಿತ್ತು. ವರ್ಷಗಟ್ಟಲೆ ಸರಿಯಾಗಿ ನೋಡಿಕೊಳ್ಳದೆ ಬಿಟ್ಟದ್ದೇ ಕಾರಣ. ಆಮೇಲೆ ಕೆಲವು ರೈಲುಗಳನ್ನು ಬಿಚ್ಚಿ ಪೂರ್ತಿ ರಿಪೇರಿ ಮಾಡಿದರು, ಉಳಿದದ್ದಕ್ಕೆ ಹೊಸದು ತಂದರು. ಆ ದೂರ ಹತ್ತು ಪಟ್ಟಿಗಿಂತ ಜಾಸ್ತಿಯಾಯಿತು. ಅದೇ ಊರಿನಲ್ಲಿ 1964ರಲ್ಲಿ ಬಂದ ಸ್ಟೇನ್‌ಲೆಸ್ ಸ್ಟೀಲಿನ ರೈಲುಗಳು 2022ರ ತನಕ ದುಡಿದವು. ಇನ್ನೂ ಹಳೆಯ ಕೆಂಪು ಬೋಗಿಗಳನ್ನು ತೊಳೆದು, ಗಾಲಿ ಕಳಚಿ, ಅಟ್ಲಾಂಟಿಕ್ ಸಮುದ್ರದ ತಳಕ್ಕೆ ಇಳಿಸಿದರು. ಈಗ ಅಲ್ಲಿ ಮೀನುಗಳ ಸಂಸಾರ.

ಈ ಬದಲಾವಣೆ ಒಂದು ದಿನದ ಕೆಲಸ ಅಲ್ಲ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಗಳೆಲ್ಲ ಮುದಿಯಾಗಿ ಬೀಳಲಿ, ಆಮೇಲೆ ನೆಡೋಣ ಎಂದು ಯಾರೂ ಕಾಯುವುದಿಲ್ಲ. ಹಳೇ ಮರ ಇನ್ನೂ ಫಸಲು ಕೊಡುತ್ತಿರುವಾಗಲೇ ಮಧ್ಯೆ ಸಸಿ ಇಡುತ್ತೇವೆ. ಸಸಿ ಗೊನೆ ಬಿಡಲು ವರ್ಷಗಳು ಬೇಕು. ರೈಲೂ ಹಾಗೇ. ಇವತ್ತು ಆರ್ಡರ್ ಕೊಟ್ಟರೆ ವಿನ್ಯಾಸ, ತಯಾರಿ, ಸುರಂಗದ ಅಳತೆ, ತಿರುವಿನಲ್ಲಿ ಪ್ಲಾಟ್‌ಫಾರ್ಮಿಗೆ ತಾಗುತ್ತದಾ ಎಂಬ ಪರೀಕ್ಷೆ, ಸಿಗ್ನಲ್ ಪರೀಕ್ಷೆ, ಎಲ್ಲ ಮುಗಿದು ಜನ ಹತ್ತುವುದು ವರ್ಷಗಳ ಮೇಲೆ. ಬೆಂಗಳೂರಿನ ಹಳದಿ ಮಾರ್ಗ ನೆನಪಿದೆ ಅಲ್ವಾ? ಹಳಿ, ನಿಲ್ದಾಣ ಸಿದ್ಧವಾದ ಮೇಲೂ ರೈಲು ಬರಲಿಲ್ಲ ಎಂದು ಕಾಯಬೇಕಾಯಿತು. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹೊಸ ಮಾರ್ಗದಲ್ಲಾದರೆ ಜನ ಕಾಯುತ್ತಾರೆ. ಓಡುತ್ತಿರುವ ಮಾರ್ಗದಲ್ಲಿ ಹಳೇ ರೈಲು ಕೈಕೊಟ್ಟು ಹೊಸದು ಬರದೇ ಇದ್ದರೆ ಲಕ್ಷಾಂತರ ಜನ ಎಲ್ಲಿಗೆ ಹೋಗಬೇಕು? ಬಂದ ಹೊಸ ರೈಲೂ ಮೊದಮೊದಲು ಜಾಸ್ತಿ ಕೆಡುತ್ತದೆ. ಅದು ಪಳಗುವ ತನಕ ಹಳೆಯದನ್ನು ಕೈಬಿಡುವಂತಿಲ್ಲ. ದೇಶದ ಮೊದಲ ಮೆಟ್ರೊ ಕೋಲ್ಕತ್ತದ್ದು, 1984ರ ಅಕ್ಟೋಬರ್ 24ರಂದು ಓಡಿತು. ಎಸಿ ರೈಲುಗಳು ಬಂದ ಮೇಲೂ ಎಸಿ ಇಲ್ಲದವು ಅವುಗಳ ಜೊತೆ ವರ್ಷಗಟ್ಟಲೆ ಓಡಿದವು. ಕೊನೆಯ ಹಳೇ ರೈಲಿಗೆ ಬೀಳ್ಕೊಡುಗೆ ಸಿಕ್ಕಿದ್ದು 2021ರ ಅದೇ ಅಕ್ಟೋಬರ್ 24ರಂದು.

ನಮ್ಮ ಕಡೆಯೂ ಕೋಟೆಗಂಗೂರಿನಲ್ಲಿ ಬೋಗಿಗಳ ನಿರ್ವಹಣೆಗೆ ಡಿಪೋ ಮಾಡಲು 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು. ತೊಳೆದು ಗುಡಿಸುವುದಕ್ಕಿಂತ ದೊಡ್ಡ ಕೆಲಸ ಇಂಥ ಜಾಗದ್ದು. ಬೋಗಿಯ ಕೆಳಗೆ ಇಳಿದು, ದೀಪ ಹಿಡಿದು, ನೀರು ನಿಲ್ಲುವ ಮೂಲೆಗಳನ್ನು ಮುಟ್ಟಿ ನೋಡುವವರು ಅಲ್ಲಿರಬೇಕು. ಮಲೆನಾಡಿನ ಮಳೆಯಲ್ಲಿ ತಾಳಗುಪ್ಪದ ತನಕ ನೆನೆದು ಬರುವ ರೈಲಿಗೆ ಅದು ಬೇಕೇ ಬೇಕು.

ಅವತ್ತು ಸ್ಟೇಷನ್‌ನಿಂದ ಮನೆಗೆ ಬಂದು ಕಾಫಿ ಲೋಟ ಕೈಗೆ ತಗೊಂಡಿದ್ದೆ. ಮೊಬೈಲ್ ಸದ್ದಾಯಿತು. ಅಕ್ಕನ ಮಗಳ ಸಂದೇಶ. "ಮಾಮ, ಭದ್ರಾವತಿ ಬಂತು. ಆರು ಸಾವಿರ ದಾಟಿರಬೇಕು."