ಮರಳಿಗೊಂದು ಗಾಡಿ, ಕಲ್ಲಿಗೊಂದು ಗಾಡಿ

ಸೋಮವಾರ ಬೆಳಿಗ್ಗೆ ಶಾರ್ಜಾದ ನಮ್ಮ ಗ್ಯಾರೇಜಿಗೆ ಬರುವವರನ್ನು ‘ವಾರಾಂತ್ಯಕ್ಕೆ ಎಲ್ಲಿಗೆ ಹೋಗಿದ್ರಿ’ ಅಂತ ಕೇಳಬೇಕಾಗಿಲ್ಲ. ಗಾಡಿಯೇ ಹೇಳುತ್ತದೆ. ಮುಂದಿನ ಬಂಪರ್ ಕಿತ್ತು ಡಿಕ್ಕಿಯಲ್ಲಿ ಬಿದ್ದಿದ್ದರೆ, ಗೇರ್‌ಬಾಕ್ಸ್ ಆಯಿಲ್ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಅದು ಮರಳಿಗೆ ಹೋಗಿ ಬಂದ ಗಾಡಿ. ಟೈರಿನ ಪಕ್ಕ ಸೀಳಿ, ಸ್ಟೀರಿಂಗಿಗೆ ಚಕ್ರವನ್ನು ಜೋಡಿಸುವ ಟೈ ರಾಡ್ ಬಗ್ಗಿ, ಬಾಗಿಲ ಕೆಳಗಿನ ತಗಡು ಒಳಕ್ಕೆ ನುಗ್ಗಿದ್ದರೆ ಹಜರ್ ಬೆಟ್ಟದ ಕಲ್ಲು ಹತ್ತಿ ಇಳಿದದ್ದು. ಎರಡು ಕಡೆಯೂ ಒಂದೇ ಭಾಗ ಮುರಿಯುವುದು ಅಪರೂಪ. ಮರಳಿನಲ್ಲಿ ಪೆಟ್ಟು ತಿನ್ನುವುದು ಎಂಜಿನ್ ಮತ್ತು ಗೇರ್‌ಬಾಕ್ಸ್. ಕಲ್ಲಿನಲ್ಲಿ ಪೆಟ್ಟು ತಿನ್ನುವುದು ಆಕ್ಸಲ್, ಟೈರ್ ಮತ್ತು ಗಾಡಿಯ ಹೊಟ್ಟೆ.

ಅದಕ್ಕೇ ಯಾರಾದರೂ ‘ಯಾವ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿ) ತಗೊಳ್ಳಲಿ’ ಎಂದು ಕೇಳಿದರೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ಎಲ್ಲಿ ಓಡಿಸ್ತೀರಿ ಅಂತ ತಿರುಗಿ ಕೇಳುತ್ತೇನೆ. ‘ಎರಡೂ ಕಡೆ’ ಅಂದರೆ ಇನ್ನೊಂದು ಸುಲೈಮಾನಿ ಚಹಾ ತರಿಸುತ್ತೇನೆ. ಮಾತು ಉದ್ದ ಆಗುತ್ತೆ ಅಂತ ಗೊತ್ತು.

ಯುಎಇಯಲ್ಲಿ ಇರುವವರಿಗೆ ‘ಎರಡೂ ಕಡೆ’ ಅನ್ನುವುದು ದುರಾಸೆಯೇನಲ್ಲ. ದುಬೈನಿಂದ ಒಂದು ಗಂಟೆಯೊಳಗೆ ಬದಾಯರ್, ಅಲ್ಲಿ ‘ಬಿಗ್ ರೆಡ್’ ಎಂದು ಕರೆಯುವ ಸುಮಾರು 100 ಮೀಟರ್ ಎತ್ತರದ ಕೆಂಪು ಮರಳ ದಿಬ್ಬ. ದಕ್ಷಿಣಕ್ಕೆ ದೂರ ಹೋದರೆ ಲಿವಾ. ರಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿಯ ಅಂಚು ಅದು. ಅಲ್ಲಿನ ತಲ್ ಮುರೈಬ್ ದಿಬ್ಬ 300 ಮೀಟರ್ ಹತ್ತಿರ ಇದೆ. ಪೂರ್ವಕ್ಕೆ ತಿರುಗಿದರೆ ಹತ್ತಾ, ರಾಸ್ ಅಲ್ ಖೈಮಾ, ಗಡಿ ದಾಟಿದರೆ ಒಮಾನ್. ಅಲ್ಲೆಲ್ಲ ಚೂಪು ಕಲ್ಲಿನ ಹಜರ್ ಪರ್ವತ ಸಾಲು, ಮಳೆ ಬಂದಾಗ ಮಾತ್ರ ನೀರು ಹರಿಯುವ ವಾದಿಗಳು. ಒಂದೇ ದಿನ ಎರಡನ್ನೂ ಮುಗಿಸಿಕೊಂಡು ಬರಬಹುದು. ಆದರೆ ಒಂದೇ ಗಾಡಿ ಎರಡು ಕಡೆಯೂ ಚೆನ್ನಾಗಿ ಓಡುತ್ತೆ ಅಂತ ಶೋರೂಮಿನವರು ಹೇಳಿದರೆ ನಕ್ಕುಬಿಡಿ.

ಮೊದಲು ಮರಳಿನ ಕಥೆ. ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗಾಡಿ ಒಂದಷ್ಟು ದೂರ ಉರುಳುತ್ತದೆ. ಒಣ ಮರಳಿನಲ್ಲಿ ಬಿಟ್ಟು ನೋಡಿ, ಬ್ರೇಕ್ ಒತ್ತಿದ ಹಾಗೆ ನಿಂತುಬಿಡುತ್ತದೆ. ಮರಳು ಟೈರನ್ನು ಅಷ್ಟು ಹಿಡಿದೆಳೆಯುತ್ತದೆ. ಹಾಗಾಗಿ ದಿಬ್ಬದ ಬುಡದಿಂದ ನೆತ್ತಿಯವರೆಗೆ ಓಟ ಕಡಿಮೆ ಆಗಬಾರದು. ಎಂಜಿನ್ ನಿಮಿಷಕ್ಕೆ 4000 ಸುತ್ತು (ಆರ್‌ಪಿಎಂ) ದಾಟಿ ಕೂಗುತ್ತಿರುತ್ತದೆ, ಗಾಡಿ ಮಾತ್ರ ಊರೊಳಗಿನ ವೇಗದಲ್ಲಿ ಹೋಗುತ್ತಿರುತ್ತದೆ. ರೇಡಿಯೇಟರಿಗೆ ಗಾಳಿ ಸಾಲುವುದಿಲ್ಲ. ಮೇಲಿಂದ ಇಲ್ಲಿಯ ಬಿಸಿಲು. ಎಂಜಿನ್ ಬೇಯುತ್ತದೆ, ಅದಕ್ಕಿಂತ ಮೊದಲು ಗೇರ್‌ಬಾಕ್ಸ್ ಆಯಿಲ್ ಬೇಯುತ್ತದೆ.

ಕೊಲ್ಲಿಯಲ್ಲಿ ದೊಡ್ಡ ಪೆಟ್ರೋಲ್ ಎಂಜಿನ್ನಿಗೆ ಇಷ್ಟು ಮರ್ಯಾದೆ ಯಾಕೆ ಅಂದರೆ ಇದೇ ಕಾರಣ. ಹಳೆಯ ನಿಸ್ಸಾನ್ ಪ್ಯಾಟ್ರೋಲ್ ವೈ61 ಗಾಡಿಯ 4.8 ಲೀಟರ್, ಆರು ಸಿಲಿಂಡರಿನ ಎಂಜಿನ್ ಅಂದರೆ ಇಲ್ಲಿಯ ಹುಡುಗರಿಗೆ ಈಗಲೂ ಪ್ರಾಣ. ಅದರ ನಂತರ ಬಂದ ವೈ62ರಲ್ಲಿ 5.6 ಲೀಟರಿನ ವಿ8, 400 ಹಾರ್ಸ್‌ಪವರ್. ಟೊಯೊಟಾ ಎಫ್‌ಜೆ ಕ್ರೂಸರ್‌ನ 4 ಲೀಟರ್ ವಿ6 ಕೂಡ ಮರಳಿಗೆ ಹೇಳಿ ಮಾಡಿಸಿದ್ದು. ಡೀಸೆಲ್ ಆಗುವುದೇ ಇಲ್ಲ ಅಂತಲ್ಲ. ಆದರೆ ಡೀಸೆಲ್‌ನ ಬಲ ಇರುವುದು ಕೆಳಗಿನ ಆರ್‌ಪಿಎಂನಲ್ಲಿ. ದಿಬ್ಬ ಏರುವಾಗ ಬೇಕಾಗುವುದು ಮೇಲಿನದು.

ಗೇರ್‌ಬಾಕ್ಸ್ ಆಟೋಮ್ಯಾಟಿಕ್ ಇರಲಿ. ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ. ಮ್ಯಾನ್ಯುವಲ್‌ನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದ ಆ ಒಂದು ಕ್ಷಣಕ್ಕೇ ಮರಳು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಹೊರಡಿಸಲು ಕ್ಲಚ್ ಉಜ್ಜುತ್ತಾರೆ. ಸಂಜೆ ಹೊತ್ತಿಗೆ ಕ್ಲಚ್ ಪ್ಲೇಟ್ ಮುಗಿದಿರುತ್ತದೆ. ಇನ್ನೊಂದು, ಟ್ರ್ಯಾಕ್ಷನ್ ಕಂಟ್ರೋಲ್ ಪೂರ್ತಿ ಆಫ್ ಮಾಡಲು ಬರುತ್ತದೆಯೇ ನೋಡಿ. ಚಕ್ರ ಜಾರಿತು ಅಂತ ಕಂಪ್ಯೂಟರ್ ಎಂಜಿನ್ ಶಕ್ತಿಯನ್ನು ತಗ್ಗಿಸಿದರೆ ದಿಬ್ಬದ ಅರ್ಧದಲ್ಲೇ ಕೆಲಸ ಕೆಟ್ಟಿತು. ಕೆಲವು ಗಾಡಿಗಳಲ್ಲಿ ಗುಂಡಿ ಇದ್ದರೂ ಅದು ಅರ್ಧಂಬರ್ಧ ಮಾತ್ರ ಆಫ್ ಆಗುತ್ತದೆ. ಟೆಸ್ಟ್ ಡ್ರೈವ್‌ನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ ಮರಳಿನಲ್ಲಿ ಎಂಜಿನ್‌ಗಿಂತ ಹೆಚ್ಚು ಕೆಲಸ ಮಾಡುವುದು ಟೈರಿನ ಗಾಳಿ. ರಸ್ತೆಯಲ್ಲಿ 35 ಪಿಎಸ್‌ಐ ಇರುವ ಟೈರನ್ನು 15ಕ್ಕೆ ಇಳಿಸಿದರೆ ನೆಲ ಮುಟ್ಟುವ ಭಾಗ ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಹರಡುತ್ತದೆ. ಗಾಡಿ ಮರಳನ್ನು ಅಗೆಯುವುದು ಬಿಟ್ಟು ಮೇಲೆ ತೇಲಲು ಶುರು ಮಾಡುತ್ತದೆ. ಹೂತು ಹೋದ ಗಾಡಿಯನ್ನು ಎಳೆಯಲು ಹಗ್ಗ ಹುಡುಕುವ ಮೊದಲು ಇನ್ನೊಂದೆರಡು ಪಿಎಸ್‌ಐ ಬಿಟ್ಟು, ಟೈರಿನ ಸುತ್ತ ಮರಳು ತೆಗೆದು, ಬಂದ ಗುರುತಿನ ಮೇಲೇ ಹಿಂದಕ್ಕೆ ತೆಗೆದರೆ ಬಹಳ ಸಲ ಹೊರಗೆ ಬಂದುಬಿಡುತ್ತದೆ. ಆದರೆ 12ಕ್ಕಿಂತ ಕೆಳಗೆ ಇಳಿಸಿಕೊಂಡು ರಭಸವಾಗಿ ಸ್ಟೀರಿಂಗ್ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಆಚೆ ಬರುತ್ತದೆ. ಬೆಳಗಿನ ತಂಪಿನಲ್ಲಿ ಮರಳು ಗಟ್ಟಿ ಇರುತ್ತದೆ. ಮಲ್ಪೆ ಬೀಚಿನಲ್ಲಿ ಒದ್ದೆ ಮರಳಿನ ಮೇಲೆ ನಡೆಯುವುದಕ್ಕೂ ಮೇಲಿನ ಒಣ ಮರಳಿನಲ್ಲಿ ನಡೆಯುವುದಕ್ಕೂ ಎಷ್ಟು ವ್ಯತ್ಯಾಸ, ಅಷ್ಟೇ ಇಲ್ಲೂ. ಬೆಳಿಗ್ಗೆ ಸಲೀಸಾಗಿ ಹತ್ತಿದ ದಿಬ್ಬವೇ ಮಧ್ಯಾಹ್ನ ಕೈಕೊಡುತ್ತದೆ.

ಹಾಗಾದರೆ ಆಕ್ಸಲ್‌ನ ಎರಡೂ ಚಕ್ರ ಕೂಡಿಯೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್? ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ಗೇರ್? ಮರಳಿನಲ್ಲಿ ಬಹುಪಾಲು ಕೆಲಸ ಫೋರ್ ಹೈನಲ್ಲೇ, ಅಂದರೆ ಲೋ ಗೇರ್ ಹಾಕದೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟೇ, ಆಗುತ್ತದೆ. ಲಾಕ್ ಬೇಕಾಗುವುದು ಸಿಕ್ಕಿಬಿದ್ದಾಗ ಮಾತ್ರ. ಲಾಕ್ ಹಾಕಿಕೊಂಡೇ ಓಡಿಸಿದರೆ ಗಾಡಿ ತಿರುಗುವುದಿಲ್ಲ. ಇಳಿಜಾರಿನ ಮೇಲೆ ತಿರುಗದ ಗಾಡಿ ಪಲ್ಟಿ ಹೊಡೆಯುವ ಗಾಡಿ. ಗಾಳಿಗೆ ಮರೆಯಾದ ಬದಿಯಲ್ಲಿ ಮರಳು ಸುಮಾರು 34 ಡಿಗ್ರಿ ಇಳಿಜಾರಿನಲ್ಲಿ ನಿಂತಿರುತ್ತದೆ. ಅದನ್ನು ನೇರವಾಗಿ ಇಳಿಯಬೇಕು, ಅಡ್ಡಡ್ಡ ಅಲ್ಲ.

ಈಗ ಕಲ್ಲಿಗೆ ಬನ್ನಿ. ಇಲ್ಲಿ ಮೇಲೆ ಹೇಳಿದ್ದೆಲ್ಲ ತಲೆಕೆಳಗು. 400 ಹಾರ್ಸ್‌ಪವರ್ ಇಟ್ಟುಕೊಂಡು ಏನು ಮಾಡ್ತೀರಿ? ಬೇಕಾಗಿರುವುದು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಎಂಜಿನ್ ನಿಲ್ಲದೆ, ಚಕ್ರ ಇಂಚಿಂಚಾಗಿ ಉರುಳುವುದು. ಇದನ್ನು ಹೇಳುವ ಸಂಖ್ಯೆಗೆ ಕ್ರಾಲ್ ರೇಷಿಯೋ ಎನ್ನುತ್ತಾರೆ. ಮೊದಲ ಗೇರ್, ಶಕ್ತಿಯನ್ನು ಹಿಂದೆ ಮುಂದೆ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರ್, ಆಕ್ಸಲ್ ಗೇರ್, ಈ ಮೂರನ್ನೂ ಗುಣಿಸಿದರೆ ಅದು ಸಿಗುತ್ತದೆ. ಮ್ಯಾನ್ಯುವಲ್ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 5.13, 4, 4.10. ಗುಣಿಸಿದರೆ 84. ಅಂದರೆ ಎಂಜಿನ್ 84 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 800 ಆರ್‌ಪಿಎಂನಲ್ಲಿ, 33 ಇಂಚಿನ ಟೈರಿನ ಮೇಲೆ, ಗಾಡಿ ಗಂಟೆಗೆ ಒಂದೂವರೆ ಕಿ.ಮೀ. ವೇಗದಲ್ಲಿ ತೆವಳುತ್ತದೆ. ಆಕ್ಸಿಲರೇಟರ್ ಮುಟ್ಟಬೇಕಾಗಿಲ್ಲ. ಮ್ಯಾನ್ಯುವಲ್ ಸುಜುಕಿ ಜಿಮ್ನಿಯಲ್ಲಿ ಇದೇ ಲೆಕ್ಕ ಸುಮಾರು 36ಕ್ಕೆ ನಿಲ್ಲುತ್ತದೆ, ವೇಗ ಹತ್ತಿರ ಹತ್ತಿರ ಮೂರು ಕಿ.ಮೀ. ಆಗುತ್ತದೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆದರೆ ಮೊಣಕಾಲೆತ್ತರದ ಕಲ್ಲಿನಿಂದ ಚಕ್ರ ಇಳಿಯುವಾಗ ಅದೇ ವ್ಯತ್ಯಾಸ ‘ಮೆತ್ತಗೆ ಕೂತಿತು’ ಮತ್ತು ‘ಧಡ್ ಅಂತ ಬಿತ್ತು’ ಎರಡರ ನಡುವಿನದ್ದು.

ಜೀಪಿನವರು ಆ ಹೆಸರು ತಗೊಂಡದ್ದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ರೂಬಿಕಾನ್ ಹಾದಿಯಿಂದ. ಟಾಹೋ ಸರೋವರದ ಕಡೆ ಹೋಗುವ, ಸುಮಾರು 35 ಕಿ.ಮೀ. ಉದ್ದದ ಬಂಡೆಗಲ್ಲಿನ ದಾರಿ ಅದು. ನಿಜ ಹೇಳಬೇಕೆಂದರೆ ಹಜರ್ ಬೆಟ್ಟದ ಹೆಚ್ಚಿನ ದಾರಿಗಳು ಅಷ್ಟು ಕಠಿಣ ಅಲ್ಲ. ಎತ್ತರ, ಲೋ ಗೇರ್, ಗಟ್ಟಿ ಟೈರ್ ಇದ್ದರೆ ಮುಕ್ಕಾಲು ವಾದಿಗಳನ್ನು ದಾಟಬಹುದು. ಉಳಿದ ಕಾಲು ಭಾಗಕ್ಕೇ ಲಾಕರ್, ಅಂದರೆ ಡಿಫರೆನ್ಷಿಯಲ್ ಲಾಕ್, ಬೇಕು.

ಲಾಕರ್ ಯಾಕೆ ಅಂದರೆ, ಮಾಮೂಲಿ ಡಿಫರೆನ್ಷಿಯಲ್ ಇರುವ ಆಕ್ಸಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದೇ ಸುಮ್ನೆ ಗಿರಗಿರ ತಿರುಗುತ್ತದೆ, ಕಲ್ಲಿನ ಮೇಲಿರುವ ಚಕ್ರಕ್ಕೆ ಏನೂ ಸಿಗುವುದಿಲ್ಲ. ಲಾಕ್ ಹಾಕಿದರೆ ಎರಡೂ ಕೂಡಿ ತಿರುಗುತ್ತವೆ. ಲಾಕರ್ ಇಲ್ಲದವರು ಏನು ಮಾಡುತ್ತಾರೆ ಅಂದರೆ ಆಕ್ಸಿಲರೇಟರ್ ಒತ್ತುತ್ತಾರೆ. ಗಾಳಿಯಲ್ಲಿ ಜೋರಾಗಿ ತಿರುಗುತ್ತಿರುವ ಚಕ್ರ ಥಟ್ಟನೆ ಕಲ್ಲು ಹಿಡಿಯುತ್ತದೆ. ಅಷ್ಟೂ ಪೆಟ್ಟು ಆಕ್ಸಲ್ ಶಾಫ್ಟಿಗೆ, ಅದನ್ನು ಚಕ್ರಕ್ಕೆ ಜೋಡಿಸುವ ಕೀಲು ಸಿವಿ ಜಾಯಿಂಟಿಗೆ. ಮುಂದಿನ ಚಕ್ರ ಪೂರ್ತಿ ತಿರುಗಿರುವಾಗ ಹೀಗಾದರೆ ಜಾಯಿಂಟ್ ಚೂರಾಗುತ್ತದೆ. ಮುರಿದ ಭಾಗವನ್ನು ಕೈಯಲ್ಲಿ ಹಿಡಿದು ‘ಕ್ವಾಲಿಟಿ ಸರಿ ಇಲ್ಲ’ ಅನ್ನುವವರಿಗೆ ನಾನು ಬೇಡ ಅಂದರೂ ಇದನ್ನು ವಿವರಿಸುತ್ತೇನೆ.

ಸಸ್ಪೆನ್ಷನ್ ವಿಷಯದಲ್ಲಿ ಎರಡು ನೆಲಗಳ ಜಗಳ ಸ್ಪಷ್ಟವಾಗಿ ಕಾಣುತ್ತದೆ. ಕಲ್ಲಿಗೆ ಹಿಂದೆ ಮುಂದೆ ಎರಡೂ ಕಡೆ ರಿಜಿಡ್ ಆಕ್ಸಲ್, ಅಂದರೆ ಎರಡು ಚಕ್ರವನ್ನೂ ಒಂದೇ ಗಟ್ಟಿ ದಂಡಕ್ಕೆ ಕೂರಿಸಿದ್ದು, ಒಳ್ಳೆಯದು. ಒಂದು ಚಕ್ರ ಮೇಲೆ ಹೋದಾಗ ಅದರ ಜೋಡಿ ಚಕ್ರ ಕೆಳಕ್ಕೆ ಒತ್ತುತ್ತದೆ, ನಾಲ್ಕೂ ನೆಲ ಬಿಡುವುದಿಲ್ಲ. ಮರಳಿನಲ್ಲಿ ವೇಗವಾಗಿ ಏರಿಳಿಯುವಾಗ ಅದೇ ಭಾರದ ಆಕ್ಸಲ್ ಕುಣಿಯುತ್ತದೆ, ಬೆನ್ನು ನೋಯುತ್ತದೆ. ಅಲ್ಲಿಗೆ ಪ್ರತಿ ಚಕ್ರವೂ ತನ್ನಷ್ಟಕ್ಕೆ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ವಾಸಿ. 2020ರಿಂದ ಸೌದಿಯಲ್ಲಿ ನಡೆಯುತ್ತಿರುವ ಡಾಕರ್ ರ‍್ಯಾಲಿಯಲ್ಲಿ ಮುಂಚೂಣಿಯ ಕಾರುಗಳ ಕೆಳಗೆ ಬಗ್ಗಿ ನೋಡಿದರೆ ನಾಲ್ಕೂ ಚಕ್ರಕ್ಕೆ ಇಂಡಿಪೆಂಡೆಂಟೇ.

ಟೈರೂ ಹಾಗೇ. ದಪ್ಪ ಹಲ್ಲಿನ ಮಡ್ ಟೆರೇನ್ ಟೈರ್ ನೋಡಲು ಚೆಂದ, ಕಲ್ಲಿನಲ್ಲಿ ಅದರ ಗಟ್ಟಿ ಪಕ್ಕ ಜೀವ ಉಳಿಸುತ್ತದೆ. ಮರಳಿನಲ್ಲಿ ಅದೇ ಹಲ್ಲು ಗುಂಡಿ ತೋಡುತ್ತದೆ. ಮರಳಿಗೆ ಎಲ್ಲ ನೆಲಕ್ಕೂ ಆಗುವ, ಸಣ್ಣ ಹಲ್ಲಿನ ಆಲ್ ಟೆರೇನ್ ಟೈರ್ ಸವೆದಿದ್ದರೂ ನಡೆಯುತ್ತದೆ. ಎರಡೂ ಕಡೆ ಬೇಡವಾದದ್ದು ಒಂದಿದೆ, 20 ಇಂಚಿನ ರಿಮ್. ಟೈರಿನ ಪಕ್ಕ ತೆಳುವಾದರೆ ಗಾಳಿ ಬಿಟ್ಟರೂ ಟೈರ್ ಹರಡಲು ಜಾಗವಿಲ್ಲ, ಕಲ್ಲು ತಾಗಿದರೆ ರಿಮ್ಮಿಗೇ ಪೆಟ್ಟು. ದುಡ್ಡು ಜಾಸ್ತಿ ಕೊಟ್ಟು ಟಾಪ್ ಮಾಡೆಲ್ ತಗೊಂಡವರಿಗೇ ಈ ತೊಂದರೆ. 17 ಇಂಚಿನ ರಿಮ್ ಬರುವ ಕೆಳಗಿನ ಮಾಡೆಲ್ ಸಾಕು.

ಇನ್ನು ತೂಕ. ಕಬ್ಬಿಣದ ಬಂಪರ್, ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್, ಹೊಟ್ಟೆಯ ಕೆಳಗೆ ಪ್ಲೇಟು, ಪಕ್ಕದಲ್ಲಿ ಬಾಗಿಲ ಕೆಳಭಾಗ ಕಾಯುವ ರಾಕ್ ಸ್ಲೈಡರ್, ಇವೆಲ್ಲ ಕಲ್ಲಿನಲ್ಲಿ ಬೇಕೇ ಬೇಕು. ಮರಳಿಗೆ ಹೋಗುವ ಗಾಡಿಗೆ ಇದೇ ಅಲಂಕಾರ ಮಾಡಿಸಿಕೊಂಡರೆ ನೂರಾರು ಕಿಲೋ ಹೊತ್ತು ದಿಬ್ಬ ಏರಬೇಕು. ಫೋಟೋಕ್ಕೆ ಚೆನ್ನಾಗಿರುತ್ತೆ, ಅಲ್ವಾ? ಅಷ್ಟಕ್ಕೆ ಮಾತ್ರ. ಮರಳಿಗೆ ನಿಜವಾಗಿ ಬೇಕಾಗುವುದು ಒಂದು ಸಲಿಕೆ, ಕಂಪ್ರೆಸರ್, ಹಿಗ್ಗುವ ರಿಕವರಿ ಹಗ್ಗ, ದಿಬ್ಬದ ಆಚೆಯಿಂದ ಬರುವವರಿಗೆ ಕಾಣುವಂತೆ ಉದ್ದ ಕೋಲಿನ ಬಾವುಟ. ಹಗ್ಗ ಕಟ್ಟುವುದು ಚಾಸಿಗೆ ಬೋಲ್ಟ್ ಮಾಡಿದ ಕೊಂಡಿಗೆ. ಟ್ರೈಲರ್ ಎಳೆಯುವ ಟೋ ಬಾಲ್‌ಗೆ ಕಟ್ಟಲೇಬೇಡಿ. ಅದು ಮುರಿದರೆ ಗುಂಡಿನ ವೇಗದಲ್ಲಿ ಹಾರಿ ಬರುತ್ತದೆ. ಜನ ಸತ್ತಿದ್ದಾರೆ.

ಊರಿನಿಂದ ಫೋನ್ ಮಾಡುವ ಗೆಳೆಯರು ಕೇಳುವುದು ಮಹೀಂದ್ರ ಥಾರ್, ಜಿಮ್ನಿ, ಫೋರ್ಸ್ ಗೂರ್ಖಾ ಮೂರರ ಬಗ್ಗೆ. ಕಲ್ಲು ಹತ್ತುವುದೇ ಹುಚ್ಚು ಅಂದರೆ ಗೂರ್ಖಾ. ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಮೆಕ್ಯಾನಿಕಲ್ ಲಾಕ್ ಫ್ಯಾಕ್ಟರಿಯಿಂದಲೇ ಬರುತ್ತದೆ. ಜೈಸಲ್ಮೇರ್ ಕಡೆಯ ಮರಳಿಗೆ ಥಾರ್ ಪೆಟ್ರೋಲ್ ಆಟೋಮ್ಯಾಟಿಕ್, 2 ಲೀಟರ್ ಟರ್ಬೊ. ಆದರೆ ನೋಡಿಕೊಂಡು ತಗೊಳ್ಳಿ, 2023ರಿಂದ ಬರೀ ಹಿಂದಿನ ಚಕ್ರ ತಿರುಗುವ ಥಾರ್ ಕೂಡ ಮಾರಾಟಕ್ಕಿದೆ. ಹೊರಗಿನಿಂದ ವ್ಯತ್ಯಾಸ ಸುಲಭಕ್ಕೆ ತಿಳಿಯುವುದಿಲ್ಲ. ಜಿಮ್ನಿ ನನ್ನ ಮೆಚ್ಚಿನ ಗಾಡಿ. ತೂಕ 1200 ಕಿಲೋ ಆಸುಪಾಸು, ಎರಡೂ ಕಡೆ ರಿಜಿಡ್ ಆಕ್ಸಲ್. ಶಕ್ತಿ ಕಡಿಮೆ, ಲಾಕರ್ ಇಲ್ಲ. ಆದರೂ ಹಗುರ ಇರುವುದರಿಂದ ಮರಳಲ್ಲಿ ದೊಡ್ಡ ಗಾಡಿಗಳು ಹೂತ ಜಾಗವನ್ನು ಎಷ್ಟೋ ಸಲ ದಾಟುತ್ತದೆ. ಸಕಲೇಶಪುರದ ಮಳೆಗಾಲದ ಕೆಸರು ಬೇರೆಯೇ ಲೆಕ್ಕ, ಅಲ್ಲಿಗೆ ಮಡ್ ಟೆರೇನ್ ಟೈರೇ ಸರಿ.

ಎರಡೂ ಕಡೆ ಹೋಗಲೇಬೇಕು, ಒಂದೇ ಗಾಡಿ ಇಡಲು ಸಾಧ್ಯ ಅನ್ನುವವರಿಗೆ ನನ್ನ ಸಲಹೆ ಹೀಗೆ: ಪೆಟ್ರೋಲ್ ಆಟೋಮ್ಯಾಟಿಕ್, ಲೋ ಗೇರ್, ಹಿಂದಿನ ಆಕ್ಸಲ್‌ಗೆ ಲಾಕ್, ಕಡಿಮೆ ತೂಕ. ಉಳಿದ ದುಡ್ಡಿನಲ್ಲಿ ಇನ್ನೊಂದು ಸೆಟ್ ಚಕ್ರ. ಮರಳಿಗೆ ಮೆತ್ತನೆಯದು, ಕಲ್ಲಿಗೆ ಗಟ್ಟಿಯದು. ಬೆಟ್ಟಕ್ಕೆ ಹೊರಡುವ ಹಿಂದಿನ ರಾತ್ರಿ ಬದಲಿಸಿಕೊಂಡರೆ ಆಯಿತು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೀಟರ್ ನೋಡಿ ಮರುಳಾಗಬೇಡಿ. ಸೀಟಿನ ರೈಲ್ ಸಂದಿನಲ್ಲಿ ಬೆರಳು ಹಾಕಿ, ಕಾರ್ಪೆಟ್ ಎತ್ತಿ. ಸಣ್ಣ ಕೆಂಪು ಮರಳು ಸಿಕ್ಕಿದರೆ ಗೇರ್‌ಬಾಕ್ಸ್ ಆಯಿಲ್ ತೆಗೆಸಿ ಬಣ್ಣ, ವಾಸನೆ ನೋಡಿ, ಎಷ್ಟು ಬೇಯಿಸಿದ್ದಾರೆ ಅಂತ ತಿಳಿಯುತ್ತದೆ. ಮರಳು ಇಲ್ಲದೆ ಕೆಳಗಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಮೇಲೆ, ಶಾಕ್ ಅಬ್ಸಾರ್ಬರ್ ಕೂರುವ ಬುಡದಲ್ಲಿ ಗೀರು, ಹೊಸ ಪೇಂಟ್ ಇದ್ದರೆ ಡಿಫರೆನ್ಷಿಯಲ್ ಆಯಿಲ್ ಕೇಳಿ. ಅದರಲ್ಲಿ ಲೋಹದ ಪುಡಿ ಹೊಳೆಯುತ್ತಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.