ಮೈಟೊಫೇಜಿ

ಜೀವಕೋಶವು ತನ್ನೊಳಗಿನ ಕೆಟ್ಟುಹೋದ ಮೈಟೊಕಾಂಡ್ರಿಯಗಳನ್ನು (ಕೋಶಕ್ಕೆ ಶಕ್ತಿ ಒದಗಿಸುವ ಘಟಕಗಳನ್ನು) ಗುರುತಿಸಿ, ಪೊರೆಯಿಂದ ಸುತ್ತುವರಿದು, ಜೀರ್ಣಿಸಿ ವಿಲೇವಾರಿ ಮಾಡುವ ಕ್ರಿಯೆಯೇ ಮೈಟೊಫೇಜಿ. ಕೋಶವು ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಆಟೊಫೇಜಿಯ ಒಂದು ವಿಶೇಷ ರೂಪವಿದು; ಆಟೊಫೇಜಿಯ ಕಾರ್ಯವಿಧಾನವನ್ನು ಬಿಡಿಸಿ ತೋರಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆರೋಗ್ಯವಾಗಿರುವ ಮೈಟೊಕಾಂಡ್ರಿಯದ ಒಳಪೊರೆಯ ಎರಡು ಬದಿಗಳ ನಡುವೆ ವಿದ್ಯುತ್ ವಿಭವದ ವ್ಯತ್ಯಾಸವಿರುತ್ತದೆ. ಅದು ಇರುವವರೆಗೆ ಪಿಂಕ್-1 ಎಂಬ ಪ್ರೋಟೀನು ಒಳಗೆ ಸೇರಿ ತುಂಡಾಗುತ್ತಲೇ ಇರುತ್ತದೆ. ವಿಭವ ಕುಸಿದಾಗ ಮಾತ್ರ ಪಿಂಕ್-1 ಹೊರಪೊರೆಯ ಮೇಲೆಯೇ ಶೇಖರವಾಗಿ ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನನ್ನು ಸೆಳೆಯುತ್ತದೆ. ಪಾರ್ಕಿನ್ ಹಾಕುವ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನಿನ ಗುರುತುಗಳೇ ಆ ಮೈಟೊಕಾಂಡ್ರಿಯವನ್ನು ಕೋಶದ ಜೀರ್ಣಕ ಚೀಲವಾದ ಲೈಸೊಸೋಮಿಗೆ ಒಯ್ಯಲು ಸೂಚನೆ.

ರಕ್ತದಲ್ಲಿ ಈ ಕ್ರಿಯೆಗೆ ಇರುವ ಮಹತ್ವ ಅಸಾಧಾರಣವಾದುದು. ನಮ್ಮ ದೇಹದಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ, ಮತ್ತು ಬಲಿಯುವ ಹಂತದಲ್ಲಿ ಪ್ರತಿಯೊಂದು ಕಣವೂ ತನ್ನ ಮೈಟೊಕಾಂಡ್ರಿಯಗಳನ್ನೆಲ್ಲ ಕಳೆದುಕೊಳ್ಳಬೇಕು. ಇದಕ್ಕೆ ನೆರವಾಗುವ ನಿಕ್ಸ್ ಪ್ರೋಟೀನು ಇಲ್ಲದ ಇಲಿಗಳಿಗೆ ರಕ್ತಹೀನತೆ ಬರುತ್ತದೆ. ಎಲ್ಲ ರಕ್ತಕಣಗಳಿಗೂ ಮೂಲವಾದ, ಅಸ್ಥಿಮಜ್ಜೆಯ ಆಕರಕೋಶಗಳ (ಸ್ಟೆಮ್ ಸೆಲ್) ಸ್ಥಿತಿ ಇನ್ನೂ ಸೂಕ್ಷ್ಮ. ಹೆಚ್ಚು ಕಾಲ ವಿಶ್ರಾಂತಿಯಲ್ಲಿರುವ ಈ ಕೋಶಗಳು ಮೈಟೊಕಾಂಡ್ರಿಯಗಳನ್ನು ಮಿತವಾಗಿ ಬಳಸುತ್ತವೆ. ಮುದಿ ಇಲಿಗಳ ಆಕರಕೋಶಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಾತ್ರ ಆಟೊಫೇಜಿಯನ್ನು ಚುರುಕಾಗಿ ಉಳಿಸಿಕೊಂಡಿದ್ದವೆಂದೂ, ಅವು ಎಳೆಯ ಕೋಶಗಳಂತೆಯೇ ರಕ್ತವನ್ನು ಮರುಸೃಷ್ಟಿಸಬಲ್ಲವೆಂದೂ 2017ರ ಸಂಶೋಧನೆಯೊಂದು ತೋರಿಸಿತು. ಉಳಿದವುಗಳಲ್ಲಿ ಮೈಟೊಕಾಂಡ್ರಿಯಗಳು ತುಂಬಿಕೊಂಡು, ಕೋಶಗಳು ವಿಶ್ರಾಂತಿ ಕಳೆದುಕೊಂಡು, ಲಿಂಫೊಸೈಟುಗಳೆಂಬ ಬಿಳಿರಕ್ತಕಣಗಳಿಗಿಂತ ಮೈಲಾಯ್ಡ್ ಎಂಬ ಇನ್ನೊಂದು ವಂಶದ ಕಣಗಳನ್ನೇ ಹೆಚ್ಚಾಗಿ ಹೆರುತ್ತವೆ. ಒಂದೇ ವಯಸ್ಸಿನ ಒಂದೇ ಮಜ್ಜೆಯಲ್ಲಿ ಈ ಎರಡೂ ಬಗೆಯ ಕೋಶಗಳು ಇರುವುದರಿಂದ, ರಕ್ತದ ಮುಪ್ಪನ್ನು ಬರೀ ವರ್ಷಗಳ ಲೆಕ್ಕದಿಂದ ಅಳೆಯಲಾಗದು.

ರೋಗನಿರೋಧಕ ವ್ಯವಸ್ಥೆಯ ವಿಷಯದಲ್ಲಿ ನನಗೆ ಅತ್ಯಂತ ಗಂಭೀರವೆನಿಸುವುದು ಸ್ಪೇನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗ. ಇದು ಮೈಟೊಫೇಜಿಯನ್ನು ನೇರವಾಗಿ ಪರೀಕ್ಷಿಸಿದ್ದಲ್ಲ; ಮೈಟೊಕಾಂಡ್ರಿಯಗಳು ಕೆಟ್ಟರೆ ಏನಾಗುತ್ತದೆಂಬುದನ್ನು ತೋರಿಸುತ್ತದೆ. ಅವರು ಇಲಿಗಳ ಟಿ-ಕೋಶಗಳಲ್ಲಿ (ರೋಗನಿರೋಧಕ ಬಿಳಿರಕ್ತಕಣಗಳಲ್ಲಿ) ಮಾತ್ರ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಕಾಪಾಡುವ ಪ್ರೋಟೀನನ್ನು ಇಲ್ಲವಾಗಿಸಿದರು. ದೇಹದ ಬೇರೆ ಕೋಶಗಳನ್ನು ಮುಟ್ಟದಿದ್ದರೂ ಉರಿಯೂತ ಎಲ್ಲೆಡೆ ಹಬ್ಬಿ, ಹೃದಯ, ಸ್ನಾಯು, ಅರಿವಿನ ಶಕ್ತಿ ಎಲ್ಲವೂ ಅಕಾಲದಲ್ಲಿ ಕುಗ್ಗಿದವು. ಟಿಎನ್ಎಫ್ ಎಂಬ ಉರಿಯೂತಕಾರಿ ಪ್ರೋಟೀನನ್ನು ತಡೆದಾಗ ಆ ಕುಸಿತ ಭಾಗಶಃ ತಗ್ಗಿತು.

ಮೈಟೊಫೇಜಿಯನ್ನು ಪ್ರಚೋದಿಸುವ ವಸ್ತುಗಳಲ್ಲಿ ಯುರೊಲಿಥಿನ್-ಎ ಹೆಚ್ಚು ಅಧ್ಯಯನಕ್ಕೆ ಒಳಗಾಗಿದೆ. ಇದನ್ನು ದಾಳಿಂಬೆಯೊಂದಿಗೆ ಜೋಡಿಸಿ ಹೇಳುವುದುಂಟಾದರೂ, ಆ ಹಣ್ಣಿನಲ್ಲಿ ಇದು ನೇರವಾಗಿ ಇರುವುದಿಲ್ಲ. ಹಣ್ಣಿನಲ್ಲಿರುವ ಸಸ್ಯರಾಸಾಯನಿಕಗಳಾದ ಎಲಾಜಿಟ್ಯಾನಿನ್‌ಗಳಿಂದ ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ, ಮತ್ತು ಅಂಥ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ.